ಬದುಕಿದವರನ್ನು ಹಿಡಿಯದ ಕ್ಯಾಮೆರಾ

ಕಂಪ್ಲಿಯ ಕೋಟೆಗೆ ಹೋಗುವ ದಾರಿಯಲ್ಲಿ ಅಂದಾನಪ್ಪನವರ ಫೋಟೊ ಸ್ಟುಡಿಯೊ ಇತ್ತು. ಈಗಲೂ ಇದೆ, ಬಾಗಿಲು ತೆಗೆಯುವುದು ಅಪರೂಪ. ಸುತ್ತಲಿನ ಊರುಗಳಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶಗಳಿಗೆ ಫೋಟೊ ತೆಗೆಯುವವರಿಗೆ ಬರವಿರಲಿಲ್ಲ. ಆದರೆ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಫೋನು ಬರುತ್ತಿದ್ದುದು ಅಂದಾನಪ್ಪನವರಿಗೇ. ಅವರ ಜನರ ಪದ್ಧತಿಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಹಣೆತುಂಬ ವಿಭೂತಿ ಬಳಿದು, ಹೂವು ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಾಗೆ ಕೂತವರ ಅರೆತೆರೆದ ರೆಪ್ಪೆಯನ್ನು ಅಂದಾನಪ್ಪನವರು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುತ್ತಿದ್ದರು. ವಾಲಿದ ಕತ್ತಿನ ಹಿಂದೆ ಕಾಣದಂತೆ ಟವೆಲ್ಲಿನ ಸುರುಳಿ ಇಡುತ್ತಿದ್ದರು. ಆಮೇಲೆ ಅಳುವವರನ್ನೆಲ್ಲ ಒಂದು ಗಳಿಗೆ ಪಕ್ಕಕ್ಕೆ ಸರಿಸಿ, ಆ ಮನುಷ್ಯನ ಕೊನೆಯ ಚಿತ್ರ ತೆಗೆಯುತ್ತಿದ್ದರು.

ಅದಕ್ಕಾಗಿ ಅವರಲ್ಲಿ ಬೇರೆಯೇ ಒಂದು ಕ್ಯಾಮೆರಾ ಇತ್ತು. ಕಬ್ಬಿಣದ ಪುಟ್ಟ ಪೆಟ್ಟಿಗೆಯಂಥದ್ದು. ಮುಂದೆ ಒಂದರ ಮೇಲೊಂದು ಎರಡು ಗಾಜಿನ ಕಣ್ಣು. ಅದನ್ನು ಎದೆಯ ಕೆಳಗೆ ಹಿಡಿದು, ಮೇಲಿನಿಂದ ತಲೆಬಗ್ಗಿಸಿ ನೋಡಬೇಕು. ದೂರದಿಂದ ಕಂಡವರಿಗೆ ಅಂದಾನಪ್ಪನವರು ಹೆಣಕ್ಕೆ ತಲೆಬಾಗಿ ನಿಂತ ಹಾಗೆಯೇ ಕಾಣುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಮದುವೆಗಳಿಗೆ ಅದನ್ನೇ ಒಯ್ಯತೊಡಗಿದರು. ಸಾವಿನ ಮನೆಗೆ ಮಾತ್ರ ಹಳೆಯ ಕ್ಯಾಮೆರಾ, ಕಪ್ಪುಬಿಳುಪಿನ ಫಿಲ್ಮು. ಹೆಂಡತಿ ಹಂಪಮ್ಮನೂ ಹಾಗೇ ಇರಲಿ ಎಂದಿದ್ದಳು. ಸತ್ತವರನ್ನು ನೋಡಿದ ಕಣ್ಣಿನಿಂದ ಮದುಮಗಳನ್ನು ನೋಡಬಾರದು ಎಂಬುದು ಅವಳ ಮಾತು.

ಅದು ಬರೀ ಒಂದು ಎಚ್ಚರಿಕೆಯಾಗಿ ಉಳಿದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮೂಕಣ್ಣ ಎಂಬ ಗೆಳೆಯನೊಬ್ಬ ದಿನಾ ಸ್ಟುಡಿಯೊದ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಒಮ್ಮೆ ರೀಲಿನಲ್ಲಿ ಕೊನೆಯ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ಅದನ್ನು ಮುಗಿಸಿ ರೀಲು ತೆಗೆಯೋಣವೆಂದು ಅಂದಾನಪ್ಪನವರು ಅತ್ತಿತ್ತ ನೋಡುತ್ತಿದ್ದಾಗ ಮೂಕಣ್ಣ ಮೀಸೆ ತಿರುವಿದ.

“ನನ್ನದೇ ಹೊಡಿ. ಸತ್ತ ಮ್ಯಾಲೆ ಹೊಡೆಯೋಕಿಂತ ಈಗ ಹೊಡದ್ರ ಮೀಸಿ ಚಲೋ ಕಾಣತಾವು.”

ನಗುತ್ತಲೇ ಹೊಡೆದರು. ಆ ರೀಲು ತೊಳೆದು ಒಣಗಿಸಿ ಚಿತ್ರ ಕೈಗೆ ಬರುವಷ್ಟರಲ್ಲಿ ಗಿರಣಿಯ ಬೆಲ್ಟಿಗೆ ಮೂಕಣ್ಣನ ಪಂಚೆ ಸಿಕ್ಕಿತ್ತು. ಮೀಸೆ ತಿರುವಿದ ಆ ಚಿತ್ರವನ್ನೇ ದೊಡ್ಡದು ಮಾಡಿ, ಹಾರ ಹಾಕಿ ಮನೆಯವರು ಗೋಡೆಗೆ ತೂಗುಹಾಕಿದರು.

ಎರಡನೆಯದು ಸಂಡೂರಿಗೆ ಕೊಟ್ಟ ತಂಗಿ ಗಂಗಾಂಬಿಕಾ. ಅವಳಿಗೆ ಕಾಯಿಲೆ ಇತ್ತು, ನಿಜ. ಆದರೆ ಡಾಕ್ಟರು ಗುಣವಾಗುತ್ತದೆ ಎಂದಿದ್ದರು. ಅಣ್ಣನ ಹೆಗಲ ಮೇಲೆ ಆ ಕ್ಯಾಮೆರಾ ಕಂಡು, ತನ್ನದೊಂದು ತೆಗೆ ಎಂದು ಹಟ ಹಿಡಿದಳು. ಮೂಕಣ್ಣನ ನೆನಪಾಗಿ ಅಂದಾನಪ್ಪನವರ ಕೈ ಹಿಂಜರಿಯಿತು. ಮೂಢನಂಬಿಕೆ ಅಂದುಕೊಂಡು ಗುಂಡಿ ಒತ್ತಿದರು. ಆ ಮಳೆಗಾಲವನ್ನು ಅವಳು ದಾಟಲಿಲ್ಲ.

ಹಂಪಮ್ಮ ಕ್ಯಾಮೆರಾದ ಪಟ್ಟಿಗೆ ಕಪ್ಪು ದಾರ ಕಟ್ಟಿದಳು. ಬದುಕಿದವರ ಕಡೆ ಅದನ್ನು ಇನ್ನು ತಿರುಗಿಸಬೇಡಿ ಎಂದಳು. ಗಂಡ ಎದುರಾಡಲಿಲ್ಲ. ಆಮೇಲೆ ಸಾವಿನ ಮನೆಯಲ್ಲಿ ಹೆಣದ ಪಕ್ಕ ಮಕ್ಕಳು ಮೊಮ್ಮಕ್ಕಳು ನಿಲ್ಲುತ್ತೇವೆ ಎಂದರೆ ಅಂದಾನಪ್ಪನವರು ಚೀಲದಿಂದ ಡಿಜಿಟಲ್ ಕ್ಯಾಮೆರಾ ತೆಗೆಯುತ್ತಿದ್ದರು. ಹಳೆಯದು ಒಂಟಿ ಹೆಣಕ್ಕೆ ಮಾತ್ರ. ಕಾರಣ ಯಾರಿಗೂ ಹೇಳಲಿಲ್ಲ. ಆದರೂ ಕಂಪ್ಲಿಯಲ್ಲಿ ಸುದ್ದಿ ಹಬ್ಬಿತು. ಅಲ್ಲಿಂದ ನೆಂಟರ ಬಾಯಿಯಿಂದ ಎಲ್ಲೆಲ್ಲಿಗೆ ಹೋಯಿತೋ.

ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಶ್ರೀವಾಣಿ ಎಂಬವರು ಅಂದಾನಪ್ಪನವರ ಚಿತ್ರಗಳನ್ನು ನೋಡಿದ್ದು ಒಬ್ಬ ವಿದ್ಯಾರ್ಥಿಯ ಮನೆಯಲ್ಲಿ. ಅವರು ಸ್ಟುಡಿಯೊಗೆ ಬಂದು, ಹಳೆಯ ಡಬ್ಬಿಗಳನ್ನು ತೆಗೆಸಿ, ಇಡೀ ದಿನ ಕೂತು ನೋಡಿದರು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಲಾಶಾಲೆಯವರು ಆ ಚಿತ್ರಗಳ ಪ್ರದರ್ಶನ ಇಡಲು ಒಪ್ಪಿದರು. ಅಂದಾನಪ್ಪನವರೂ ಬರಬೇಕು, ಕ್ಯಾಮೆರಾವನ್ನೂ ತರಬೇಕು ಎಂದು ತೋರಣಗಲ್ಲಿನಿಂದ ವಿಮಾನದ ಟಿಕೇಟು ಮಾಡಿಸಿ ಕಳಿಸಿದರು.

ಅಂದಾನಪ್ಪನವರಿಗೆ ಹಿಗ್ಗು. ಹಂಪಮ್ಮನಿಗೆ ಮಾತ್ರ ಆ ಶಬ್ದವೇ ಸೇರಲಿಲ್ಲ. ಹೆಣವನ್ನು ಕೂಡಿಸಿ ಹೂವಿನಿಂದ ಸಿಂಗರಿಸಿ ಒಯ್ಯುವ ಚಟ್ಟಕ್ಕೂ ಅವರ ಕಡೆ ವಿಮಾನ ಎಂದೇ ಹೆಸರು.

“ವಿಮಾನ ಹತ್ತತೀನಿ ಅಂತ ಮಂದಿ ಮುಂದ ಹೇಳಬ್ಯಾಡ್ರಿ,” ಎಂದಳು. “ಬೆಂಗಳೂರಿಗೆ ಹೊಂಟೀನಿ ಅನ್ರಿ, ಸಾಕು.”

ಹೊರಡುವ ವಾರ ಸಂಡೂರು ತಾಲ್ಲೂಕಿನ ಚೋರನೂರಿನಿಂದ ಕರೆ ಬಂತು. ಒಬ್ಬ ಮುದುಕಿ ತೀರಿಕೊಂಡಿದ್ದಳು. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಅವಳದ್ದು ಬೇರೆ ಚಿತ್ರವೇ ಇಲ್ಲ ಎಂದು ಮಗ ಅತ್ತ. ಅಂದಾನಪ್ಪನವರು ಹೋಗಿ ತೆಗೆದರು. ಕೆಮಿಕಲ್ಲಿನಿಂದ ಕೈಯ ಚರ್ಮ ಒಡೆದು, ಫಿಲ್ಮು ತೊಳೆಯುವುದನ್ನು ಅವರು ಎಂದೋ ಬಿಟ್ಟಿದ್ದರು. ರೀಲುಗಳನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಿದ್ದರು. ಈ ಸಲ ಹೇಗೂ ತಾವೇ ಹೋಗುವುದು. ರೀಲಿನಲ್ಲಿ ಇನ್ನೂ ಕೆಲವು ಚಿತ್ರಗಳಿಗೆ ಜಾಗವಿದ್ದುದರಿಂದ ಅದನ್ನು ಕ್ಯಾಮೆರಾದಲ್ಲೇ ಬಿಟ್ಟುಕೊಂಡು ಹೊರಟರು. ಲ್ಯಾಬಿನವರು ಫೋನಿನಲ್ಲಿ ಒಂದು ಎಚ್ಚರಿಕೆ ಹೇಳಿದ್ದರು. ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಎಕ್ಸ್-ರೇ ಯಂತ್ರದೊಳಗೆ ಕ್ಯಾಮೆರಾ ಹೋದರೆ ತೊಳೆಯದ ಫಿಲ್ಮಿನ ಮೇಲೆ ಮಂಜು ಕವಿದ ಹಾಗಾಗಬಹುದು. ಹೊಸ ಯಂತ್ರಗಳನ್ನು ನಂಬುವ ಹಾಗೇ ಇಲ್ಲ. ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಿ.

ಹೊಸಪೇಟೆಯಿಂದ ಶ್ರೀವಾಣಿಯ ಕಾರಿನಲ್ಲಿ ಹೋದರು. ಪಾಪಿನಾಯಕನಹಳ್ಳಿ ದಾಟಿದ ಮೇಲೆ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು, ಕೆಂಪು ದೂಳಿನಲ್ಲಿ ರಸ್ತೆಯೇ ಕಾಣದಂತಾಗಿ ತಡವಾಯಿತು. ಅಂದಾನಪ್ಪನವರು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ತಪಾಸಣೆಯ ಜಾಗದಲ್ಲಿ ಸಾಲು ದೊಡ್ಡದಿರಲಿಲ್ಲ. ಬೆಲ್ಟಿನ ಪಕ್ಕ ಸಮವಸ್ತ್ರದ ಹುಡುಗಿಯೊಬ್ಬಳು ಟ್ರೇಗಳನ್ನು ಜೋಡಿಸುತ್ತಿದ್ದಳು. ಎದೆಯ ಮೇಲೆ ಪಲ್ಲವಿ ಎಂಬ ಹೆಸರು. ಮಾತಿನಿಂದಲೇ ಈ ಕಡೆಯವಳು ಎಂದು ಗೊತ್ತಾಗುತ್ತಿತ್ತು. ಕ್ಯಾಮೆರಾ ಟ್ರೇಯೊಳಗೆ ಇಡಿ ಎಂದಳು. ಅಂದಾನಪ್ಪನವರು ಅದನ್ನು ಎದೆಗೆ ಒತ್ತಿಕೊಂಡು, ಯಂತ್ರದೊಳಗೆ ಬೇಡ, ಕೈಯಿಂದ ನೋಡಿ ಎಂದರು. ಅವಳಿಗೆ ಅರ್ಥವಾಗಲಿಲ್ಲ. ಅಷ್ಟು ಹೊತ್ತಿಗೆ ಅಧಿಕಾರಿ ಬಂದರು, ಬೇರೆ ಜಿಲ್ಲೆಯ ಮನುಷ್ಯ. ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿದರು. ಚಿತ್ರ ಕಾಣುವ ಸ್ಕ್ರೀನ್ ಇಲ್ಲ, ಬ್ಯಾಟರಿ ಇಲ್ಲ, ಪಟ್ಟಿಗೆ ಕಪ್ಪು ದಾರ. ಹಿಂಬದಿ ಬಿಚ್ಚಿ ತೋರಿಸಿ ಎಂದರು.

“ಬಿಚ್ಚಿದ್ರ ಒಳಗಿನ ಮುಖ ಹೋಗತೈತ್ರಿ,” ಎಂದರು ಅಂದಾನಪ್ಪನವರು.

“ಯಾರ ಮುಖ?”

“ಸತ್ತವ್ರದ್ದು.”

ಹೇಳಬಾರದ ಜಾಗದಲ್ಲಿ ಹೇಳಬಾರದ ಮಾತು. ಹಿಂದೆ ಸಾಲಿನಲ್ಲಿದ್ದ ಒಬ್ಬಾಕೆ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಧಿಕಾರಿಯ ಮುಖ ಬಿಗಿಯಿತು. ಇನ್ನೊಬ್ಬ ಸಿಬ್ಬಂದಿಯನ್ನು ಕರೆದು ಅಂದಾನಪ್ಪನವರ ಹಿಂದೆ ನಿಲ್ಲಿಸಿದರು. ಶ್ರೀವಾಣಿ ನಡುವೆ ಬಂದು, ಪ್ರದರ್ಶನದ ಆಮಂತ್ರಣವನ್ನು ಮೊಬೈಲಿನಲ್ಲಿ ತೋರಿಸಿ, ಫಿಲ್ಮು ಎಂದರೇನು, ಬೆಳಕು ಬಿದ್ದರೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಬಹಳ ಹೊತ್ತು ಹಿಡಿಯಿತು. ಕ್ಯಾಮೆರಾವನ್ನು ಒಂದು ತುಂಡು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಸಿಡಿಮದ್ದು ಪತ್ತೆ ಮಾಡುವ ಯಂತ್ರಕ್ಕೆ ಕೊಟ್ಟರು. ಏನೂ ಸಿಗಲಿಲ್ಲ. ಅಧಿಕಾರಿ ಕೊನೆಗೆ ಒಂದು ಷರತ್ತು ಹಾಕಿದರು: ಇದು ನಿಜವಾಗಿ ಕ್ಯಾಮೆರಾ ಹೌದೋ ಅಲ್ಲವೋ, ನನ್ನ ಕಣ್ಣೆದುರು ಒಂದು ಫೋಟೊ ತೆಗೆದು ತೋರಿಸಿ.

ಸುತ್ತಲೆಲ್ಲ ಬದುಕಿದವರೇ. ಖಾಲಿ ಗೋಡೆಗೆ ಹಿಡಿಯುತ್ತೇನೆ ಎಂದರು ಅಂದಾನಪ್ಪನವರು. ಯಾವುದಕ್ಕಾದರೂ ಹಿಡಿಯಿರಿ, ಬೇಗ ಎಂದರು ಅಧಿಕಾರಿ. ವಿಮಾನಕ್ಕೆ ಕರೆ ಬಂದಾಗಿತ್ತು. ಬೆಲ್ಟಿನ ಆಚೆ ಬರೀ ಬಿಳಿ ಗೋಡೆ ಇದ್ದ ಜಾಗ ನೋಡಿಕೊಂಡು, ಅಂದಾನಪ್ಪನವರು ತಲೆಬಗ್ಗಿಸಿದರು. ಗಾಜಿನಲ್ಲಿ ಬಿಳಿ ಮಾತ್ರ ಕಾಣುತ್ತಿತ್ತು. ಒಮ್ಮೆ ಸುತ್ತ ನೋಡಿ, ಮತ್ತೆ ಬಗ್ಗಿ, ಉಸಿರು ಹಿಡಿದು ಗುಂಡಿ ಒತ್ತಿದರು. ಒತ್ತುವ ಆ ಚಣಕ್ಕೇ ಪಲ್ಲವಿ ಟ್ರೇ ಎತ್ತಿಕೊಂಡು ಗೋಡೆಯ ಮುಂದೆ ಬಂದಳು. ಇವರೇನು ಮಾಡುತ್ತಿದ್ದಾರೆಂದು ಅವಳ ಕಣ್ಣು ನೇರ ಕ್ಯಾಮೆರಾದ ಕಡೆಯೇ ಇತ್ತು.

ಅಧಿಕಾರಿಗೆ ಸಮಾಧಾನವಾಯಿತು, ಹೋಗಿ ಎಂದರು. ಅಂದಾನಪ್ಪನವರು ಕ್ಯಾಮೆರಾದ ಗಾಜಿಗೆ ಅಂಗೈ ಮುಚ್ಚಿಕೊಂಡರು.

“ನಂದು ಬಂತೇನ್ರಿ ಸರ್?” ಎಂದು ನಕ್ಕಳು ಪಲ್ಲವಿ. “ಚಲೋ ಬಂದಿದ್ರ ಒಂದು ಕಾಪಿ ಕೊಡ್ರಿ. ಕುರೆಕುಪ್ಪದಾಗ ನಮ್ಮನಿ.”

ವಿಮಾನದಲ್ಲಿ ಅವರು ಕಿಟಕಿಯಾಚೆ ನೋಡಲಿಲ್ಲ. ಶ್ರೀವಾಣಿ ಕೇಳಿ ಕೇಳಿ ಕೊನೆಗೆ ಮೂಕಣ್ಣನ ಕಥೆಯನ್ನೂ ತಂಗಿಯ ಕಥೆಯನ್ನೂ ಹೊರಗೆ ತೆಗೆದರು. ಗಿರಣಿಯ ಬೆಲ್ಟಿಗೂ ಕ್ಯಾಮೆರಾಕ್ಕೂ ಏನು ಸಂಬಂಧ ಎಂದು ಕೇಳಿದರು. ಏನೂ ಸಂಬಂಧವಿಲ್ಲ ಎಂದು ತಮಗೂ ಗೊತ್ತಿದೆ ಎಂದರು ಅಂದಾನಪ್ಪನವರು. ಗೊತ್ತಿದ್ದೂ ಅವರ ಬೆರಳು ಪಟ್ಟಿಯ ಕಪ್ಪು ದಾರವನ್ನು ಬಿಡಲಿಲ್ಲ.

ಲ್ಯಾಬಿನಲ್ಲಿ ರೀಲು ಕೊಟ್ಟರು. ಮಾರನೆಯ ದಿನ ಚಿತ್ರಗಳು ಬಂದವು. ಚೋರನೂರಿನ ಮುದುಕಿ ನಿದ್ದೆಯಲ್ಲಿದ್ದವಳ ಹಾಗೆ ಸ್ವಚ್ಛವಾಗಿ ಬಂದಿದ್ದಳು. ಅವಳ ಪಕ್ಕದ ಚೌಕದಲ್ಲಿ ಪಲ್ಲವಿ. ಎರಡೂ ಕೈಯಲ್ಲಿ ಟ್ರೇ, ಅರ್ಧ ತೆರೆದ ಬಾಯಿ, ಹಿಂದೆ ಬಿಳಿ ಗೋಡೆ. ಲ್ಯಾಬಿನ ಮನುಷ್ಯ ಅದನ್ನೇ ಮತ್ತೆ ಮತ್ತೆ ನೋಡಿ, ಇಡೀ ರೀಲಿಗೆ ಇದೊಂದೇ ಸಾಕು ಎಂದ.

ಶ್ರೀವಾಣಿ ಅದನ್ನು ಒಯ್ದು ತೋರಿಸಿದಾಗ ಪ್ರದರ್ಶನದವರಿಗೂ ಹಾಗೇ ಅನಿಸಿತು. ಅಂದಾನಪ್ಪನವರು ಬೆಳಿಗ್ಗೆ ಹೋಗಿ ನೋಡಿದರೆ, ಕಣ್ಣು ಮುಚ್ಚಿ ಕೂತವರ ಉದ್ದನೆಯ ಸಾಲಿನ ಕೊನೆಯಲ್ಲಿ ಪಲ್ಲವಿಯ ಚಿತ್ರವನ್ನು ದೊಡ್ಡದು ಮಾಡಿ ತೂಗುಹಾಕಿದ್ದರು. ಇಡೀ ಗೋಡೆಯಲ್ಲಿ ಕಣ್ಣು ತೆರೆದಿದ್ದವಳು ಅವಳೊಬ್ಬಳೇ. ಸಾವಿನ ಕೊನೆಯಲ್ಲಿ ಒಂದು ಜೀವ, ನೋಡಿದವರು ಮರೆಯುವುದಿಲ್ಲ ಎಂದು ಪ್ರದರ್ಶನದವರು ವಿವರಿಸುತ್ತಿದ್ದಂತೆಯೇ ಅಂದಾನಪ್ಪನವರು ಸ್ಟೂಲು ಎಳೆದುಕೊಂಡು ಹತ್ತಿ ಚಿತ್ರವನ್ನು ಇಳಿಸಿದರು. ಶ್ರೀವಾಣಿ ತಡೆಯಲು ಬಂದರು.

“ಈ ಸಾಲಿನ್ಯಾಗ ಬ್ಯಾಡ್ರಿ ಮೇಡಂ. ನಿಮಗ ಕೈ ಮುಗೀತೀನಿ.”

ಶ್ರೀವಾಣಿಗೆ ನಾಲ್ಕು ಜನರ ಮುಂದೆ ಅವಮಾನವಾದಂತಾಯಿತು. ಓದದವರ ಹಾಗೆ ಆಡಬೇಡಿ ಎಂದುಬಿಟ್ಟರು. ಅಂದಾನಪ್ಪನವರು ಚೌಕಟ್ಟು ಬಿಚ್ಚಿ, ಚಿತ್ರವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು. ಗೋಡೆಯ ಮೇಲೆ ಖಾಲಿ ಮೊಳೆ ಉಳಿಯಿತು. ಪ್ರದರ್ಶನ ಮುಗಿಯುವವರೆಗೆ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು.

ಶ್ರೀವಾಣಿ ಬೇರೆ ಕೆಲಸವೆಂದು ಬೆಂಗಳೂರಿನಲ್ಲೇ ಉಳಿದರು. ಅಂದಾನಪ್ಪನವರು ಒಬ್ಬರೇ ವಾಪಸು ಬಂದು ತೋರಣಗಲ್ಲಿನಲ್ಲಿ ಇಳಿದರು. ಇಳಿದವರು ನೇರ ಹೊರಗೆ ಹೋಗದೆ, ಒಳಗೆ ಬರುವವರ ಬಾಗಿಲಿನ ಹತ್ತಿರ ನಿಂತಿದ್ದ ಸಿಬ್ಬಂದಿಯ ಹೆಂಗಸೊಬ್ಬಳನ್ನು ಪಲ್ಲವಿ ಎಲ್ಲಿ ಎಂದು ಕೇಳಿದರು. ನೀವು ಯಾರು ಎಂದಳು. ಫೋಟೊ ಕೊಡಬೇಕಿತ್ತು ಎಂದರು. ಅವಳು ದನಿ ತಗ್ಗಿಸಿ, ಮನೆಯಿಂದ ಫೋನು ಬಂತು, ಕೆಲಸ ಅರ್ಧಕ್ಕೆ ಬಿಟ್ಟು ಓಡಿದಳು, ಏನಾಯಿತೋ ತಿಳಿಯದು ಎಂದಳು.

ಆಟೊ ಹಿಡಿದು ಕುರೆಕುಪ್ಪಕ್ಕೆ ಹೋದರು. ದಾರಿಯುದ್ದಕ್ಕೂ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಬಿಸಿಲಿನಲ್ಲಿ ಹೊಗೆ ಉಗುಳುತ್ತಿದ್ದವು. ಅಂಗಡಿಯೊಂದರಲ್ಲಿ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಹುಡುಗಿಯ ಮನೆ ಎಂದರೆ ಸಾಕಾಯಿತು. ಅಂಗಡಿಯವನು ಓಣಿಯ ಕಡೆ ಕೈ ತೋರಿಸಿದ. ಓಣಿ ತಿರುಗಿದರೆ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ತಲೆಗೆ ಟವೆಲ್ ಸುತ್ತಿಕೊಂಡು ಕೂತ ಗಂಡಸರು, ಒಳಗಿನಿಂದ ಹೆಂಗಸರ ಅಳು.

ಅಂದಾನಪ್ಪನವರು ಅಲ್ಲೇ ಒಂದು ಕಂಬ ಹಿಡಿದು ನಿಂತರು. ಇಂಥ ಎಷ್ಟು ಬಾಗಿಲುಗಳಿಗೆ ಅವರು ಹೋಗಿದ್ದರೋ. ಒಳಗೆ ಹೋಗಲು ಹೆದರಿದ್ದು ಇದೇ ಮೊದಲು. ಕೂತವರಲ್ಲಿ ತೋಟಪ್ಪ ಎಂಬ ಹಿರಿಯರೊಬ್ಬರು ಗುರುತು ಹಿಡಿದರು. ಅವರ ಹೆಂಡತಿಯ ತವರು ಕಂಪ್ಲಿ. ಎದ್ದು ಹತ್ತಿರ ಬಂದು, ಮುಖವನ್ನೂ ಹೆಗಲ ಮೇಲಿನ ಚೀಲವನ್ನೂ ನೋಡಿದರು.

“ಫೋಟೊ ಅಂದಾನಪ್ಪನೋರಲ್ಲೇನ್ರಿ? ನಿಮಗ ಯಾರು ಹೇಳಿದ್ರು? ನಾವಿನ್ನೂ ನೆಂಟ್ರಿಗೇ ಹೇಳಿಲ್ಲ.”

“ಯಾರು… ಹೋದವ್ರು ಯಾರ್ರಿ?” ಎಂದರು ಅಂದಾನಪ್ಪನವರು.

ಹೋದವರು ಪಲ್ಲವಿಯ ತಂದೆ ಪಕೀರಪ್ಪ. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಬೆಳಿಗ್ಗೆ ಸ್ನಾನ ಮಾಡಿ ಊಟದ ಡಬ್ಬಿ ಕೈಗೆ ತಗೊಂಡವರು ಎದೆ ಹಿಡಿದು ಕೂತರಂತೆ, ಮತ್ತೆ ಏಳಲಿಲ್ಲ. ಅದನ್ನು ಕೇಳಿ ಅಂದಾನಪ್ಪನವರಿಗೆ ಮೊದಲು ಆದದ್ದು ನೆಮ್ಮದಿ. ಸಾವಿನ ಮನೆಯ ಮುಂದೆ ನಿಂತು ತಮಗೆ ನೆಮ್ಮದಿಯಾಯಿತಲ್ಲ ಎಂದು ತಲೆ ತಗ್ಗಿಸಿದರು.

ಅಷ್ಟರಲ್ಲಿ ಪಲ್ಲವಿ ಹೊರಗೆ ಬಂದಳು. ಇನ್ನೂ ಸಮವಸ್ತ್ರದಲ್ಲೇ ಇದ್ದಳು. ಗುರುತು ಹತ್ತಲು ಅವಳಿಗೆ ಹೊತ್ತು ಬೇಕಾಯಿತು. ಹತ್ತಿದ ಮೇಲೆ, ದೇವರೇ ಕಳಿಸಿದ ಹಾಗೆ ಬಂದಿದ್ದೀರಿ, ಅಪ್ಪನದೊಂದು ಫೋಟೊ ತೆಗೆಯಿರಿ ಎಂದಳು. ಲ್ಯಾಬಿನವರು ಕೊಟ್ಟ ಹೊಸ ರೀಲು ಕ್ಯಾಮೆರಾದಲ್ಲಿತ್ತು. ಅಂದಾನಪ್ಪನವರು ಒಳಗೆ ಹೋಗಿ, ಎಂದಿನ ಹಾಗೆ ರೆಪ್ಪೆ ಇಳಿಸಿ, ಕತ್ತು ನೇರ ಮಾಡಿ ಪಕೀರಪ್ಪನವರ ಚಿತ್ರ ತೆಗೆದರು. ಮುಗಿಸಿ ಕ್ಯಾಮೆರಾ ಮುಚ್ಚುವಾಗ ಪಲ್ಲವಿ ತಂದೆಯ ಪಕ್ಕಕ್ಕೆ ಬಂದು ಕೂತಳು.

“ನಂದೂ ಅಪ್ಪಂದೂ ಕೂಡಿ ಒಂದು ಇರ್ಲಿ, ಕಾಕಾ.”

ಡಿಜಿಟಲ್ ಕ್ಯಾಮೆರಾ ಕಂಪ್ಲಿಯಲ್ಲಿತ್ತು. ಜೋಡಿ ಚಿತ್ರ ಮೊಬೈಲಿನಲ್ಲಿ ತೆಗೆಸಿಕೋ ತಾಯಿ ಎಂದರು. ಅವಳು ಒಪ್ಪಲಿಲ್ಲ; ಮೊಬೈಲಿನದ್ದು ಉಳಿಯುವುದಿಲ್ಲ, ಹೋದ ವರ್ಷದ ಫೋಟೊಗಳೆಲ್ಲ ಹಾಗೇ ಹೋದವು ಎಂದಳು. ಬೇರೆ ದಾರಿ ಕಾಣದೆ ಅಂದಾನಪ್ಪನವರು ನಿಜವನ್ನೇ ಆಡಿದರು.

“ಈ ಕ್ಯಾಮೆರಾದಾಗ ಬದುಕಿದವ್ರನ್ನ ಹಿಡಿಯಂಗಿಲ್ಲವ್ವಾ.”

“ಯಾಕ್ರಿ? ಮೊನ್ನೆ ನನ್ನ ಹಿಡದ್ರಲ್ಲ.”

ಬಾಗಿಲಲ್ಲಿ ನಿಂತಿದ್ದ ತೋಟಪ್ಪನವರು, ಕಂಪ್ಲಿಯ ಮಾತನ್ನು ಹೆಂಡತಿಯ ಕಡೆಯಿಂದ ಕೇಳಿದ್ದವರು, ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಅಳುತ್ತಿದ್ದ ಹೆಂಗಸರವರೆಗೆ ಮುಟ್ಟಿತು. ಅಳು ತಗ್ಗಿತು. ಪಲ್ಲವಿ ಎಲ್ಲರ ಮುಖ ನೋಡಿದಳು, ಕ್ಯಾಮೆರಾದ ಪಟ್ಟಿಯ ಕಪ್ಪು ದಾರ ನೋಡಿದಳು, ಕೊನೆಗೆ ತಂದೆಯ ಮುಖ ನೋಡಿದಳು. ಅವಳ ತಲೆಯಲ್ಲಿ ಏನು ಕೂಡುತ್ತಿದೆ ಎಂಬುದು ಅಂದಾನಪ್ಪನವರಿಗೆ ಕಾಣುತ್ತಿತ್ತು. ತನಗೆ ಬಂದದ್ದನ್ನು ಅಪ್ಪ ತಗೊಂಡ. ಇಲ್ಲ ಮಗಳೇ, ಹಾಗಲ್ಲ ಎಂದು ಹೇಳಬೇಕೆಂದುಕೊಂಡರು. ಹೇಳಲು ಅವರಿಗೇ ಧೈರ್ಯವಿರಲಿಲ್ಲ.

“ಹಂಗಾರ ಈಗ ಹಿಡೀರಿ,” ಎಂದಳು ಪಲ್ಲವಿ. ದನಿ ಏರಲಿಲ್ಲ. “ಎಲ್ಲಾರ ಮುಂದ ಹಿಡೀರಿ.”

ತೋಟಪ್ಪನವರು ಬೇಡ ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಲು ನೋಡಿದರು. ಅವಳು ತಂದೆಯ ಮುಂಗೈ ಬಿಡಲಿಲ್ಲ. ಈಗ ಹಿಂದೆ ಸರಿದರೆ ಊರವರ ಮಾತಿಗೆ ತಾವೇ ಮುದ್ರೆ ಒತ್ತಿದಂತೆ ಎಂದು ಅಂದಾನಪ್ಪನವರಿಗೆ ಅನಿಸಿತು. ಒತ್ತಿದರೆ ಏನಾದೀತೋ ಎಂದೂ ಅನಿಸಿತು. ಕ್ಯಾಮೆರಾ ಎದೆಯ ಕೆಳಗೆ ಹಿಡಿದು ತಲೆಬಗ್ಗಿಸಿದರು. ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವುದು ಆ ಕ್ಯಾಮೆರಾದ ಗುಣ. ಕಣ್ಣು ಮುಚ್ಚಿದವರು ಯಾರು, ತೆರೆದವರು ಯಾರು ಎಂದು ಒಂದು ಗಳಿಗೆ ಅವರಿಗೆ ಗೊತ್ತಾಗಲಿಲ್ಲ. ಒತ್ತಿದರು.

ಹೊರಗೆ ಬಂದಾಗ ಕುರ್ಚಿಯಲ್ಲಿದ್ದವರು ಎದ್ದು ದಾರಿ ಬಿಟ್ಟರು. ಮರ್ಯಾದೆಗೆ ಬಿಟ್ಟ ದಾರಿ ಅದಾಗಿರಲಿಲ್ಲ. ಚಹಾ ಕುಡಿಯಿರಿ ಎಂದು ಯಾರೂ ಹೇಳಲಿಲ್ಲ. ಕರೆಯದೇ ಬಂದ, ಹೇಳುವ ಮೊದಲೇ ಬಂದ ಎಂಬ ಮಾತು ಬೆನ್ನ ಹಿಂದೆ ಕೇಳಿಸಿತು. ಆ ಮಾತು ಅವರಿಗಿಂತ ಮೊದಲೇ ಹೊಸಪೇಟೆ, ಸಂಡೂರು ಮುಟ್ಟಿತೋ ಏನೋ. ಮಳೆಗಾಲ ಬರುವಷ್ಟರಲ್ಲಿ ಸಾವಿನ ಮನೆಗಳಿಂದ ಫೋನು ಬರುವುದು ನಿಂತಿತು.

ಅಂದಾನಪ್ಪನವರು ಸಾವಿನ ಮನೆಯ ಎರಡೂ ಚಿತ್ರಗಳನ್ನು ಅಂಚೆಯಲ್ಲಿ ಪಲ್ಲವಿಗೆ ಕಳಿಸಿದರು. ವಿಮಾನ ನಿಲ್ದಾಣದಲ್ಲಿ ಗೋಡೆಯ ಮುಂದೆ ತೆಗೆದದ್ದನ್ನು ಮಾತ್ರ ಕೊಡಲಿಲ್ಲ. ಅವಳು ವಿಳಾಸದ ಜೊತೆ ಬರೆದುಕೊಟ್ಟಿದ್ದ ನಂಬರಿಗೆ, ಚಿತ್ರ ಮುಟ್ಟಿತೇ ಎಂದು ಕೇಳಲು ಫೋನು ಮಾಡಿದರು. ಮುಟ್ಟಿದೆ ಎಂದಳು. ಆಮೇಲೆ ತಾಯಿ ಹೇಗಿದ್ದಾರೆ ಎಂದು ಕೇಳಲು ಮಾಡಿದರು. ಮತ್ತೊಮ್ಮೆ, ಕೆಲಸ ಹೇಗೆ ನಡೆದಿದೆ ಎಂದು. ಅವಳ ಹಲೋ ಕೇಳಿದರೆ ಆ ವಾರ ಅವರಿಗೆ ಊಟ ಸೇರುತ್ತಿತ್ತು. ಹಂಪಮ್ಮನೂ ನೆನಪು ಮಾಡುತ್ತಿದ್ದಳು, ಆ ಹುಡುಗಿಗೆ ಒಮ್ಮೆ ಮಾಡಿ ನೋಡ್ರಿ ಎಂದು. ಪಲ್ಲವಿ ಮೊದಮೊದಲು ಪ್ರೀತಿಯಿಂದ ಮಾತಾಡುತ್ತಿದ್ದಳು. ಬರಬರುತ್ತ ಅವಳ ಮಾತು ಸಣ್ಣದಾಯಿತು.

ದೀಪಾವಳಿಯ ನಂತರ ಒಂದು ದಿನ ಅವರು ಏನಾದರೂ ಕೇಳುವ ಮೊದಲೇ ಅವಳು ಹೇಳಿದಳು.

“ಕಾಕಾ, ನೀವು ಯಾಕ ಫೋನ್ ಮಾಡ್ತೀರಿ ಅಂತ ನನಗ ಗೊತ್ತೈತ್ರಿ. ನಾ ಇದೀನೋ ಇಲ್ಲೋ ಅಂತ ನೋಡಾಕ.”

ಅಂದಾನಪ್ಪನವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

“ನೀವು ಮಾಡಿದ ದಿನ ರಸ್ತೆ ದಾಟಾಕ ಅಂಜಿಕಿ ಬರತೈತ್ರಿ. ಗಾಡಿ ಹತ್ತಾಕ ಅಂಜಿಕಿ. ಅವತ್ತು ಬೆಲ್ಟಿನ ಮುಂದ ಕುಂತ್ರ ಕಣ್ಣೆಲ್ಲ ಬ್ಯಾರೆ ಕಡೆ. ಇನ್ನ ಮಾಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಆಗಲಿ ತಾಯಿ ಎಂದು ಅವರು ಫೋನು ಇಟ್ಟರು. ಅವಳ ನಂಬರನ್ನು ಹಂಪಮ್ಮನ ಕೈಯಿಂದಲೇ ಅಳಿಸಿಹಾಕಿಸಿದರು. ಕೊಟ್ಟ ಮಾತಿನಂತೆ ಮತ್ತೆ ಮಾಡಲಿಲ್ಲ, ಕುರೆಕುಪ್ಪದ ಕಡೆ ಹೋಗಲೂ ಇಲ್ಲ. ಆ ಕಡೆಯವರು ಯಾರಾದರೂ ಕಂಪ್ಲಿಯ ಸಂತೆಗೆ ಬಂದರೆ, ಅವರೇನಾದರೂ ಸುದ್ದಿ ಹೇಳಿಯಾರು ಎಂದು ಅಂದಾನಪ್ಪನವರು ಸ್ಟುಡಿಯೊದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಪಲ್ಲವಿ ಹೇಗಿದ್ದಾಳೋ ಅವರಿಗೆ ಗೊತ್ತಿಲ್ಲ.